ಕೀಲಿಮಣೆಯ ಹಣೆಗೆ ವಿಭೂತಿ

"ಇವತ್ತಿಂದ ನನ್ನ ಕಾರುಬಾರೆಲ್ಲಾ ಒಂದೇ ಬೆರಳಿಲೆ!"

ಎಂಬತ್ತೆಂಟನೇ ಇಸವಿಯ ಮಹಾನವಮಿ, ಆಯುಧಪೂಜೆಯ ದಿನ. ಹುಮನಾಬಾದಿನ ಬೇಳೆ ಮಿಲ್ಲಿನಲ್ಲಿ ಕಂಪ್ಯೂಟರ್ ನಡೆಸುವ ಕಸ್ತೂರಿಬಾಯಿ ಮುಂಜಾನೆಯೇ ಹೀಗೆ ಘೋಷಿಸಿದಾಗ, ಗಂಡ ವೈಜನಾಥ ಚಹಾದ ಬಸಿಯಿಂದ ತಲೆಯೆತ್ತಿದ.

"ಹಂಗಾರ ರೊಟ್ಟಿ ಬಡಿಯೋದೂ ಒಂದೇ ಬೆರಳಿಲೇನು?"

ಘೋಷಣೆಗೆ ಕಾರಣವಿತ್ತು. ಬಾಣಂತನ ಮುಗಿಸಿ ಬಂದವಳಿಗೆ ಸಾವಕಾರ ಮಹಾರುದ್ರಪ್ಪನವರು, "ಕೂಸಿನ ಎತ್ಕೊಂಡು ಮಷಿನ್ ಹ್ಯಾಂಗ ನಡಸ್ತಿ ತಂಗಿ? ಖಂಡೆಪೂಜಿ ದಿನ ತೋರ್ಸು, ಆಮ್ಯಾಗ ನೌಕರಿ ಮಾತು" ಅಂದಿದ್ದರು. ಅತ್ತೆ ತುಳಜಾಬಾಯಿಯದು ಒಂದೇ ಹಟ: "ಹಡದಾಕಿ ನೀ, ಹೊರಾಕಿನೂ ನೀನೇ. ನಾ ಹಿಡಿಯಂಗಿಲ್ಲ."

ಸರಿ, ಹೊತ್ತಳು! ಮೊದಲು ತೊಗರಿ ದರದ ಕಡತ ತೆರೆಯಲು ಎರಡೂ ಕೈಯಿಂದ ಮಾರುದ್ದದ ಆಜ್ಞೆ ಟೈಪು ಮಾಡಬೇಕಿತ್ತು. ಈಗ ಒಂದು ಕೈ ಕೂಸಿನ ಪಾಲಾಯಿತಲ್ಲ! ಅದಕ್ಕೇ ಆ ಆಜ್ಞೆಗಳನ್ನೆಲ್ಲ ಒಂದೇ ಒತ್ತಿಗೆ ತಾವೇ ಓಡುವ ಮ್ಯಾಕ್ರೊ ಮಾಡಿ, ಕೀಲಿಮಣೆಯ ಮೇಲಿನ ಸಾಲಿನ ಗುಂಡಿಗಳಿಗೆ ಕಟ್ಟಿಹಾಕಿದಳು. ಒಂದು ಒತ್ತಿದರೆ ತೊಗರಿ, ಪಕ್ಕದ್ದಕ್ಕೆ ಕಡಲೆ, ಅದರಾಚೆ ಪತ್ರ ಬರೆಯುವ ಪ್ರೋಗ್ರಾಮು, ತುದಿಯದಕ್ಕೆ ಇದ್ದಬದ್ದದ್ದೆಲ್ಲ ಪ್ರಿಂಟು!

ಪೂಜೆಗೆ ಮಿಲ್ಲಿನವರ ಮನೆಮಂದಿಯೆಲ್ಲ ನೆರೆದರು. ಕಂಕುಳಲ್ಲಿ ಕೂಸು ಹೊತ್ತ ಕಸ್ತೂರಿ, ಬೆಟ್ಟವನ್ನೇ ಎತ್ತುವ ಗತ್ತಿನಲ್ಲಿ ಬೆರಳೆತ್ತಿದಳು.

"ತಡಿ! ಪೂಜಿ ಇಲ್ದ ಮುಟ್ಟಬ್ಯಾಡ." ಅತ್ತೆ ತಟ್ಟೆ ಹಿಡಿದು ಮುಂದೆ ಬಂದಳು.

"ಅತ್ತೀ, ಮಷಿನ್ ಚಾಲೂ ಅದರಿ. ಬಂದ್ ಮಾಡ್ತೀನಿ..."

"ಮಲಗಿದ ದೇವರಿಗಿ ಯಾರರೆ ಪೂಜಿ ಮಾಡ್ತಾರೇನ?"

ತಕ್ಕಡಿಗೆ, ಮೋಟಾರಿಗೆ ವಿಭೂತಿ ಬಳಿದ ಕೈ ಕೀಲಿಮಣೆಗೂ ಬಂತು. ಇದರ ಹಣೆ ಎಲ್ಲಿ? ಮೇಲಿನ ಸಾಲೇ ಹಣೆ! ತುಳಜಾಬಾಯಿ ಮೂರು ಬೆರಳಿನಿಂದ, ಎಡದಿಂದ ಬಲಕ್ಕೆ, ಭಕ್ತಿಯಿಂದ ಒತ್ತಿ ಎಳೆದಳು.

ಪರದೆಯ ಮೇಲೆ ತೊಗರಿ ತೆರೆಯಿತು. ಅದರ ಮೇಲೆ ಕಡಲೆ ಬಿತ್ತು. ಪತ್ರ ಇಣುಕಿತು. ಕಡೆಗೆ ಪ್ರಿಂಟರ್ ಕರ್ರೋ ಎಂದು ಚೀರಿ, ಹಮಾಲರ ಕಾಲಮೇಲೆಲ್ಲ ಕಾಗದ ಕಾರತೊಡಗಿತು. ಕೂಸು ಕಿಟಾರನೆ ಕಿರುಚಿತು!

"ಬಂದ್ ಮಾಡ ತಂಗಿ!" ಸಾವಕಾರರ ಕೂಗು.

ಶುರುಮಾಡಲು ಒಂದು ಬೆರಳು ಸಾಕು. ನಿಲ್ಲಿಸಲು? ಈ ತುದಿಯದೊಂದು, ಆ ತುದಿಯದೊಂದು ಗುಂಡಿ ಒಟ್ಟಿಗೇ ಒತ್ತಬೇಕು! ನೌಕರಿ ಕಣ್ಣೆದುರೇ ಕಾಗದವಾಗಿ ಹರಿದುಹೋಗುತ್ತಿತ್ತು.

"ಅತ್ತೀ, ನಿಮ್ಮ ಕಾಲ್ ಬೀಳ್ತೀನಿ, ಹಿಡೀರಿ ಇದಕ!"

ಕೂಸು ಅತ್ತೆಯ ಹೆಗಲಿಗೆ ಹೋಯಿತು, ಎರಡೂ ಕೈ ಗುಂಡಿಗಳಿಗೆ ಹೋದವು. ಮಷಿನ್ ನಿಂತಿತು. ಕೂಸೂ ಸುಮ್ಮನಾಗಿ ಅಜ್ಜಿಯ ಮೂಗು ಹಿಡಿಯಿತು.

ಸಾವಕಾರರು ಮೊಣಕಾಲುದ್ದದ ಕಾಗದದ ರಾಶಿ ನೋಡಿದರು. ಹೊಟ್ಟೆ ಕುಣಿಸಿ ನಕ್ಕರು. "ನೌಕರಿ ಇಬ್ಬರಿಗೂ ಕೊಟ್ಟೆ! ಚಾಲೂ ಮಾಡಾಕ ಅತ್ತಿ, ಬಂದ್ ಮಾಡಾಕ ಸೊಸಿ!"

"ನನಗ ಪುರ್ಸತ್ತಿಲ್ರಿ ಸಾವ್ಕಾರ್ರೇ," ಎಂದಳು ತುಳಜಾಬಾಯಿ, ಕೂಸನ್ನು ಇನ್ನಷ್ಟು ಅವುಚಿಕೊಂಡು. "ನಾಳಿಂದ ಕೂಸು ಹಿಡೀಬೇಕು. ಇಕೀ ಒಂದು ಬೆರಳಿನ ಕಾರುಬಾರು ನೋಡೀನಲ್ಲ!"

ಕಸ್ತೂರಿ ಕೀಲಿಮಣೆಯ ಮೇಲಿನ ವಿಭೂತಿಯನ್ನೇ ಸವರಿ ತನ್ನ ಹಣೆಗೂ ಹಚ್ಚಿಕೊಂಡಳು. ಮೂರೂ ಬೆರಳಿನಿಂದ!