ಉಡಿ ತುಂಬಿಸಿಕೊಂಡ ಸಿಸ್ಟರ್

ಅನುಮಾನ ಎಂಬುದು ದೊಡ್ಡ ಸಂತರಿಗೆ ಮಾತ್ರ ಬರುವ ಕಾಯಿಲೆ ಎಂದು ನಾನು ಬಹಳ ಕಾಲ ತಿಳಿದಿದ್ದೆ. ಅವರ ಅನುಮಾನಕ್ಕೊಂದು ಘನತೆ ಇರುತ್ತದೆ. ಉಪವಾಸ ಮಾಡುತ್ತಾರೆ, ಕಣ್ಣೀರಿಡುತ್ತಾರೆ, ಕೊನೆಗೆ ಬೆಳಕು ಕಾಣುತ್ತಾರೆ. ನನಗೆ ಅನುಮಾನ ಬರುವುದು ಸಾರಿಗೆ ಒಗ್ಗರಣೆ ಹಾಕುವಾಗ. ದೇವದುರ್ಗದ ನಮ್ಮ ಕಾನ್ವೆಂಟಿನ ಹೆಣ್ಣುಮಕ್ಕಳ ಹಾಸ್ಟೆಲಿನ ಅಡುಗೆಮನೆ ನನ್ನ ಸುಪರ್ದಿಗೆ ಬಂದು ಎಷ್ಟೋ ವರ್ಷವಾಯಿತು. ಸಾಸಿವೆ ಸಿಡಿಯುತ್ತಿದ್ದಂತೆ ಒಳಗೊಂದು ಧ್ವನಿ, ಇದಕ್ಕೇನು ದೇವರು ನಿನ್ನನ್ನು ಕರೆದದ್ದು ಎಂದು ಕೇಳುತ್ತದೆ. ಉತ್ತರ ಹುಡುಕುವಷ್ಟರಲ್ಲಿ ಒಗ್ಗರಣೆ ಸೀದಿರುತ್ತದೆ. ನನ್ನ ದೈವಕರೆಯ ಆರೋಗ್ಯ ಹೇಗಿದೆ ಎಂಬುದನ್ನು ಹಾಸ್ಟೆಲಿನ ಹುಡುಗಿಯರು ಸಾರಿನ ರುಚಿಯಿಂದಲೇ ಹೇಳಬಲ್ಲರು.

ಬೇಸಿಗೆಯಲ್ಲಿ ಈ ಕಾಯಿಲೆ ಉಲ್ಬಣಿಸುತ್ತದೆ. ಆಗ ನಮಗೆ ರಾಯಚೂರಿನಲ್ಲಿ ಮೌನದ ಧ್ಯಾನಕೂಟ. ಆ ಬಿಸಿಲಿನಲ್ಲಿ ಕಣ್ಣು ಮುಚ್ಚಿ ಕೂತರೆ ದೇವರಿಗಿಂತ ಮೊದಲು ನಿದ್ದೆ ಬರುತ್ತದೆ. ಎಚ್ಚರವಿದ್ದಾಗ, ಇದನ್ನೆಲ್ಲ ಬಿಟ್ಟು ಊರಿಗೆ ಹೋಗಿ ಶಾಲೆಯೊಂದರಲ್ಲಿ ಟೀಚರ್ ಆಗಿದ್ದರೆ ಎಂಬ ಯೋಚನೆ. ಅಲ್ಲಿನ ದೊಡ್ಡ ಮದರ್ ತುಂಬ ತಾಳ್ಮೆಯವರು. ನಾನು ಹೋಗಿ ತೋಡಿಕೊಂಡಾಗಲೆಲ್ಲ ವಾದ ಮಾಡದೆ, ನಾಲ್ಕು ದಿನ ಮನೆಗೆ ಹೋಗಿ ತಾಯಿಯ ಹತ್ತಿರ ಮಾತಾಡಿ ಬನ್ನಿ, ಆಮೇಲೆ ನೋಡೋಣ ಎನ್ನುತ್ತಿದ್ದರು. ನಾನೂ ಹೊರಡುತ್ತಿದ್ದೆ. ಮಾನ್ವಿಯಲ್ಲಿ ಬಸ್ಸು ಬದಲಿಸಿ ನಮ್ಮೂರು ಚೀಕಲಪರ್ವಿಯ ಬಸ್ಸಿನಲ್ಲಿ ಕೂತು, ಅವ್ವನಿಗೆ ಹೇಳಬೇಕಾದ ಮಾತನ್ನು ಹೊಳೆಯ ಗಾಳಿ ತಾಗುವವರೆಗೂ ಬಾಯಿಪಾಠ ಮಾಡುತ್ತಿದ್ದೆ.

ಮನೆಯಲ್ಲಿ ಆ ಮಾತಿಗೆ ಪುರಸತ್ತೇ ಸಿಗುತ್ತಿರಲಿಲ್ಲ. ಓಣಿಯ ಹೆಂಗಸರು ಜ್ವರದ ಕೂಸುಗಳನ್ನು ತಂದು, ಸಿಸ್ಟರಮ್ಮ ತಲೆ ಮೇಲೆ ಕೈ ಇಡ್ರಿ ಎನ್ನುವರು. ಒಳಗೇ ಅಲುಗಾಡುತ್ತಿದ್ದವಳು ಇನ್ನೊಬ್ಬರ ತಲೆಯ ಮೇಲೆ ಕೈ ಇಟ್ಟು ಗಂಭೀರವಾಗಿ ಪ್ರಾರ್ಥಿಸುವೆನು. ಹೊರಡುವ ದಿನವಾದರೂ ಹೇಳಿಬಿಡೋಣವೆಂದು ಬಾಯಿ ತೆರೆದರೆ ಅವ್ವ ಉಡಿ ತುಂಬುವ ಮೊರ ಹಿಡಿದು ಎದುರಿಗೆ ನಿಂತಿರುತ್ತಿದ್ದಳು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಕೆಂಪು ಕುಬಸದ ಖಣ. ಗಂಡನ ಮನೆಗೆ ಹೋಗುವ ಮಗಳನ್ನು ಬರೀ ಸೆರಗಿನಲ್ಲಿ ಕಳಿಸಬಾರದು ಎಂಬುದು ಅವಳ ವಾದ. ಯೇಸುಸ್ವಾಮಿ ಅವಳ ಲೆಕ್ಕದಲ್ಲಿ ಅಳಿಯ. ವಾಚು ಕೇಳಲಿಲ್ಲ, ಉಂಗುರ ಕೇಳಲಿಲ್ಲ, ಹಬ್ಬಕ್ಕೆ ಕರೆಯಲಿಲ್ಲವೆಂದು ಮುನಿಸಿಕೊಳ್ಳಲಿಲ್ಲ, ಇಂಥ ಅಳಿಯ ಯಾರಿಗೆ ಸಿಕ್ಕಾನು ಎಂದು ಅತ್ತಿಗೆಯ ಮುಂದೆ ಹೊಗಳುತ್ತಿದ್ದಳು. ತುಂಬಿದ ಉಡಿಯನ್ನು ಕಟ್ಟಿಕೊಂಡವಳು ಅದನ್ನು ಇಳಿಸಬೇಕಾದದ್ದು ತಾನು ಸೇರುವ ಮನೆಯಲ್ಲೇ. ಹಾಗಾಗಿ ನನ್ನ ಬೂದಿಬಣ್ಣದ ಸೆರಗಿಗೆ ಅಕ್ಕಿ ಬಿದ್ದ ಕೂಡಲೇ ನನ್ನ ಮಾತು ಮುಗಿಯುತ್ತಿತ್ತು. ಅಕ್ಕಿ ಹಾಸ್ಟೆಲಿನಲ್ಲಿ ಪಾಯಸವಾಗುತ್ತಿತ್ತು. ಖಣಗಳೆಲ್ಲ ನಮ್ಮ ಅಡುಗೆಮನೆಯ ಕಿಟಕಿಗೆ ಪರದೆಯಾಗಿವೆ. ಒಂದೊಂದು ಖಣವೂ ನಾನು ಆಡದೆ ಉಳಿದ ಮಾತು ಎಂಬುದು ನನಗೆ ಮಾತ್ರ ಗೊತ್ತು.

ಕಳೆದ ಬೇಸಿಗೆಯಲ್ಲೂ ಹೋದೆ. ಹೊರಡುವ ದಿನ ಬಸ್ಸಿನ ಹೊತ್ತಾಯಿತೆಂದು ಅಪ್ಪ ಹೊರಗಿನಿಂದ ಕೂಗುತ್ತಿದ್ದ. ಅವ್ವ ಬರಿಗೈಯಲ್ಲಿ ಒಲೆಯ ಮುಂದೆ ಕೂತಿದ್ದಳು. ಮೊರ ಗೋಡೆಗೆ ಒರಗಿತ್ತು. ಉಡಿ ತುಂಬುವುದಿಲ್ಲವೇ ಎಂದು ಕೇಳಿದೆ.

"ಈ ಸಲ ಇಲ್ಲ," ಅಂದಳು ಅವ್ವ. "ನೀ ಏನ್ ಹೇಳಾಕ ಬರ್ತಿದ್ದಿ ಅಂತ ನನಗ ಮೊದಲಿಂದ ಗೊತ್ತದ ಯವ್ವಾ. ಮಂದಿ ಏನಂತಾರೋ ಅಂತ ಅಂಜಿಕಿ. ಅದಕ್ಕ ನೀ ಬಾಯಿ ಬಿಡೂದ್ರಾಗ ಉಡಿ ತುಂಬಿ ಕಳಸ್ತಿದ್ನಿ. ತಪ್ಪು ಮಾಡಿದ್ನೇನೋ ಅಂತ ಈಗ ಸಂಕಟ ಆಗಾಕತ್ತದ. ಇರ್ತೀನಿ ಅಂದ್ರ ಇರು. ಮನಿ ನಿಂದ ಅದ."

ನನಗೆ ಅಳು ಬಂತು. ಇಷ್ಟು ವರ್ಷ ನಾನು ಅವಳಿಗೆ ನೋವಾಗಬಾರದೆಂದು ಸುಮ್ಮನಿದ್ದೆ, ಅವಳು ನನ್ನ ಮಾತಿಗೆ ಹೆದರಿ ಸುಮ್ಮನಿದ್ದಳು. ಯಾರಾದರೊಬ್ಬರು ಬಾಯಿ ಬಿಟ್ಟಿದ್ದರೆ ಇಬ್ಬರೂ ಎಷ್ಟು ಹಗುರಾಗಿರುತ್ತಿದ್ದೆವೋ. ಆ ಬೇಸಿಗೆಗಳನ್ನು ಈಗ ಯಾರು ತಂದುಕೊಡುತ್ತಾರೆ? ನ್ಯಾಯವಾಗಿ ನಾನು ಅಲ್ಲೇ ಚೀಲ ಕೆಳಗಿಡಬೇಕಿತ್ತು. ಆದರೆ ಬರೀ ಸೆರಗಿನಲ್ಲಿ ದೇವದುರ್ಗದ ಬಸ್ಸು ಹತ್ತುವುದು ಹೇಗೆ ಎಂಬ ಚಿಂತೆ ಹತ್ತಿತು. ಬಸ್ಸು ಹತ್ತದೆಯೂ ಇರಬಹುದೆಂಬುದು ನನಗೆ ತಕ್ಷಣ ಹೊಳೆಯಲಿಲ್ಲ. ಹೊಳೆದ ಮೇಲೂ ನನ್ನ ಕೈ ಸೆರಗು ಬಿಡಿಸುತ್ತಿತ್ತು.

"ತುಂಬು," ಅಂದೆ.

"ಖರೇನ?"

"ಗೊತ್ತಿಲ್ಲಬೇ. ತುಂಬು."

ಅವ್ವ ಕಣ್ಣೊರೆಸಿಕೊಂಡು ಎದ್ದಳು. ಈ ಸಲ ತುಂಬುವುದಿಲ್ಲವೆಂದು ಮೊದಲೇ ನಿರ್ಧರಿಸಿದ್ದರಿಂದ ಕೊಬ್ಬರಿ ತರಿಸಿರಲಿಲ್ಲ, ಖಣವೂ ಇರಲಿಲ್ಲ. ಅಕ್ಕಿಯ ಡಬ್ಬಿಯ ತಳ ಕಾಣುತ್ತಿತ್ತು. ಕೊನೆಗೆ ಜೋಳವನ್ನೇ ಬೊಗಸೆಯಲ್ಲಿ ತಂದು, ಮೇಲೊಂದು ಬೆಲ್ಲದ ಚೂರಿಟ್ಟಳು. ಅಳಿಯನಿಗೆ ಏನೂ ಅಂದುಕೊಳ್ಳಬೇಡವೆಂದು ಹೇಳಲು ಹೇಳಿ ಕಳಿಸಿದಳು.

ಮರುದಿನ ಹಾಸ್ಟೆಲಿನಲ್ಲಿ ಒಗ್ಗರಣೆಗೆ ಸಾಸಿವೆ ಹಾಕಿದೆ. ಆ ಧ್ವನಿ ರಜೆ ಮುಗಿಸಿ ನನಗಿಂತ ಮೊದಲೇ ಬಂದು ಕೂತಿತ್ತು. ಇದಕ್ಕೇನು ದೇವರು ನಿನ್ನನ್ನು ಕರೆದದ್ದು ಎಂದು ಕೇಳಿತು. ಇಷ್ಟು ವರ್ಷ ನನ್ನಲ್ಲೊಂದು ಸಿದ್ಧ ಉತ್ತರವಿತ್ತು: ನಾನೇನು ಮಾಡಲಿ, ಅವ್ವ ಉಡಿ ತುಂಬಿ ಕಳಿಸಿಬಿಟ್ಟಳು. ಅಭ್ಯಾಸಬಲದಿಂದ ಅದನ್ನೇ ಹೇಳಹೊರಟು ನಿಲ್ಲಿಸಿದೆ. ಈ ಸಲ ಸೆರಗೊಡ್ಡಿದವಳು ನಾನೇ. ಅಷ್ಟರಲ್ಲಿ ಒಗ್ಗರಣೆ ಸೀದಿತ್ತು.