ಪ್ರವಾಹಕ್ಕೆ ಬಂದವರಿಗೆ ಚಿತ್ರಾನ್ನ

ಕುಡಿಯುವ ನೀರಿಗೇ ತತ್ವಾರವಿದ್ದ ಕಾಲದಲ್ಲಿ ಪ್ರವಾಹಕ್ಕೆ ಹೆದರಿದ ಒಬ್ಬನೇ ಒಬ್ಬ ಮನುಷ್ಯ ಇಡೀ ಗುಬ್ಬಿ ತಾಲ್ಲೂಕಿನಲ್ಲಿ ಇದ್ದರೆ ಅದು ನಮ್ಮ ಭಾವ! ಅಕ್ಕನ ಗಂಡನನ್ನು ಗೇಲಿ ಮಾಡುವ ಹಕ್ಕು ನನಗೆ ಅವರ ಮದುವೆಯ ದಿನವೇ ಸಿಕ್ಕಿತು. ಅಂದಿನಿಂದ ಅದನ್ನು ನಾನು ಒಂದು ದಿನವೂ ವ್ಯರ್ಥ ಮಾಡಿಲ್ಲ.

ನಿಟ್ಟೂರಿನ ಆಚೆ ಇರುವ ಅವರ ಊರಿಗೆ ಎರಡೇ ಬೀದಿ. ಮೇಲಿನ ಬೀದಿ ದಿಣ್ಣೆಯ ಮೇಲೆ, ಸ್ಕೂಲಿನ ಪಕ್ಕ. ಕೆಳಗಿನ ಬೀದಿ ಕೆರೆ ಏರಿಯ ಬುಡದಲ್ಲಿ. ಭಾವನ ಮನೆ ಇರುವುದು ಕೆಳಗಿನ ಬೀದಿಯಲ್ಲಿ. ಏರಿ ಹಳೆಯ ಮಣ್ಣಿನದು. ಅದರ ತುಂಬ ಜಾಲಿ ಬೆಳೆದು, ಹೆಗ್ಗಣಗಳು ಬಿಲ ತೋಡಿ ಸಂಸಾರ ಹೂಡಿದ್ದವು. ಆದರೆ ಕೆರೆಯಲ್ಲಿ ನೀರಿದ್ದರೆ ತಾನೇ ಭಯ? ಎರಡು ಸಾವಿರದ ಆಸುಪಾಸಿನ ಆ ವರ್ಷಗಳಲ್ಲಿ ಮಳೆಯೇ ಇಲ್ಲ. ಹುಡುಗರು ಕೆರೆಯ ನಟ್ಟನಡುವೆ ಕಡ್ಡಿ ನೆಟ್ಟು ಕ್ರಿಕೆಟ್ ಆಡುತ್ತಿದ್ದರು. ನಮ್ಮ ಭಾವ ಏರಿಯ ಮೇಲೆ ನಿಂತು ಹೆಗ್ಗಣದ ಬಿಲ ನೋಡಿ ಬೆವರುತ್ತಿದ್ದರು.

ಇದಕ್ಕೆಲ್ಲ ಮೂಲ ತುಮಕೂರಿನಲ್ಲಿ ನಡೆದ ಒಂದು ತರಬೇತಿ. ‘ವಿಪತ್ತು ನಿರ್ವಹಣೆಯಲ್ಲಿ ಸಮುದಾಯದ ಸಹಭಾಗಿತ್ವ’ ಎಂದು ಬ್ಯಾನರ್ ಕಟ್ಟಿದ್ದರಂತೆ. ಊರಿಗೊಬ್ಬರನ್ನು ಕಳಿಸಿ ಅಂದರು. ಬೇರೆ ಯಾರೂ ಬಿಡುವಾಗಿರಲಿಲ್ಲವಾದ್ದರಿಂದ ಭಾವ ಹೋದರು. ಉಳಿದ ಊರುಗಳವರೆಲ್ಲ ಊಟ ಮುಗಿಸಿ, ಕೊಟ್ಟ ಬ್ಯಾಗು ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದರು. ಅಲ್ಲಿ ಹೇಳಿದ್ದನ್ನು ನಂಬಿಕೊಂಡು ಬಂದವರು ಭಾವ ಒಬ್ಬರೇ! ಸರ್ಕಾರಿ ತರಬೇತಿಯನ್ನು ನಂಬುವವರೂ ಇದ್ದಾರೆ ಎಂದು ಗೊತ್ತಾಗಿದ್ದರೆ ತರಬೇತಿ ಕೊಟ್ಟವರೇ ಗಾಬರಿ ಬೀಳುತ್ತಿದ್ದರು.

ಊರಿಗೆ ಬಂದವರೇ ಮನೆಮನೆಗೆ ಹೋಗಿ ಎಚ್ಚರಿಕೆ ಹೇಳತೊಡಗಿದರು. ತೊಂದರೆ ಏನೆಂದರೆ, ಭಾವನ ಕಸುಬು ವಿಮೆ ಏಜೆಂಟಿಕೆ. ‘ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ’ ಎಂದು ಅವರು ಬಾಯಿ ತೆರೆದರೆ ಸಾಕು, ಮನೆಯ ಯಜಮಾನ ಹಿತ್ತಿಲ ಬಾಗಿಲಿನಿಂದ ಹೊಲಕ್ಕೆ ಹೊರಟುಬಿಡುತ್ತಿದ್ದ. ಸಿಕ್ಕಿಬಿದ್ದ ಒಬ್ಬಾತ, ಕೆರೆ ಒಡೆಯುವುದಕ್ಕೂ ಪಾಲಿಸಿ ಬಂದಿದೆಯೇ ಎಂದು ದೈನ್ಯದಿಂದ ಕೇಳಿದನಂತೆ.

ಸರಿ, ಮಾತಿಗೆ ಬಗ್ಗದ ಜನಕ್ಕೆ ಅಭ್ಯಾಸ ಮಾಡಿಸುವುದೆಂದು ಭಾವ ತೀರ್ಮಾನಿಸಿದರು. ದಿಣ್ಣೆಯ ಸ್ಕೂಲಿನಲ್ಲಿ ಗಂಟೆಯ ಬದಲು ರೈಲು ಕಂಬಿಯ ತುಂಡೊಂದನ್ನು ನೇತುಹಾಕಿದ್ದರು. ಅದರ ಸದ್ದು ಕೇಳಿದ ಕೂಡಲೇ ಕೆಳಗಿನ ಬೀದಿಯವರು ಇದ್ದದ್ದನ್ನು ಇದ್ದಲ್ಲೇ ಬಿಟ್ಟು ಸ್ಕೂಲಿನ ಜಗಲಿಗೆ ಬರಬೇಕು. ಭಾನುವಾರಗಳಲ್ಲಿ ನಾನೂ ತುಮಕೂರಿನಿಂದ ಅಕ್ಕನ ಮನೆಗೆ ಹೋಗುತ್ತಿದ್ದೆ. ಮೊದಲ ಭಾನುವಾರ ಭಾವ ಕೈ ಸೋಲುವವರೆಗೆ ಬಾರಿಸಿದರು. ಬಂದದ್ದು ನಾನು, ಅಕ್ಕ ಮತ್ತು ಒಂದು ಮೇಕೆ. ಮೂವರಲ್ಲಿ ಸ್ವಂತ ಇಷ್ಟದಿಂದ ಬಂದದ್ದು ಮೇಕೆ ಮಾತ್ರ!

ಆಗ ಭಾವನಿಗೆ ಜ್ಞಾನೋದಯವಾಯಿತು. ತುಮಕೂರಿನ ತರಬೇತಿಯಲ್ಲಿ ಜನ ತುಂಬಿದ್ದು ಊಟದ ಹೊತ್ತಿಗೆ ತಾನೇ? ಮುಂದಿನ ಸಲ ಅಕ್ಕನ ಕೈಲಿ ಒಂದು ಹಂಡೆ ಚಿತ್ರಾನ್ನ ಮಾಡಿಸಿದರು. ಗಂಟೆಯ ಸದ್ದು ಅಡಗುವ ಮೊದಲೇ ಕೆಳಗಿನ ಬೀದಿ ಖಾಲಿ! ಒಬ್ಬೊಬ್ಬರ ಕೈಯಲ್ಲೂ ಒಂದು ತಟ್ಟೆ, ಒಂದು ಲೋಟ. ಜಗಲಿಯ ಮೇಲೆ ಸಾಲಾಗಿ ಪಂಕ್ತಿ ಕೂತರು. ನೀರು ಸೊಂಟದ ಮಟ್ಟಕ್ಕೆ ಬಂದಾಗ ಏನು ಮಾಡಬೇಕೆಂದು ಭಾವ ಗಂಟಲು ಹರಿದುಕೊಂಡು ವಿವರಿಸುತ್ತಿದ್ದರೆ, ಪಂಕ್ತಿಯ ತುದಿಯಿಂದ ಕಡಲೆಬೀಜ ಕಡಿಮೆಯಾಗಿದೆ ಎಂದು ದೂರು ಬಂತು.

ಎರಡನೆಯ ವರ್ಷ ಯಾವಾಗಲೂ ಚಿತ್ರಾನ್ನವೇ ಏಕೆ, ಬಿಸಿಬೇಳೆಬಾತ್ ಮಾಡಿಸಬಾರದೇ ಎಂಬ ಬೇಡಿಕೆ ಎದ್ದಿತು. ಇಷ್ಟೇ ಆಗಿದ್ದರೆ ಹೋಗಲಿ ಎನ್ನಬಹುದಿತ್ತು. ಮೇಲಿನ ಬೀದಿಯವರು ಗುಂಪು ಕಟ್ಟಿಕೊಂಡು ಜಗಳಕ್ಕೇ ಬಂದರು.

“ಅವ್ರಿಗ್ ಮಾತ್ರ ಪ್ರವಾಹ, ನಮಗ್ಯಾಕಿಲ್ಲ? ನಾವೇನ್ ಈ ಊರೋರಲ್ವಾ?”

ದಿಣ್ಣೆಗೆ ನೀರು ಹತ್ತುವುದಿಲ್ಲ ಎಂದು ಭಾವ ಎಷ್ಟು ವಿವರಿಸಿದರೂ ಅವರಿಗೆ ಅದರಲ್ಲಿ ಪಕ್ಷಪಾತವೇ ಕಂಡಿತು. ಕೊನೆಗೆ ಪಂಚಾಯ್ತಿ ಮೆಂಬರು ಬಂದು, ಮುಂದಿನ ವರ್ಷದೊಳಗೆ ಮೇಲಿನ ಬೀದಿಗೂ ಪ್ರವಾಹ ಮಂಜೂರು ಮಾಡಿಸುತ್ತೇನೆಂದು ಭರವಸೆ ಕೊಟ್ಟ ಮೇಲೆ ಗಲಾಟೆ ತಣ್ಣಗಾಯಿತು.

ಇನ್ನು ಕಡೇ ಮನೆಯ ಅಜ್ಜಿಯ ವಿಷಯ. ನಡೆಯಲಾರದವರನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತರಬೇಕೆಂಬುದು ತರಬೇತಿಯ ಪಾಠ. ಮೊದಲ ಸಲ ಅಜ್ಜಿ ಒಲ್ಲೆ ಅಂದಳು. ಎರಡನೆಯ ಸಲ ಹೊಸ ಸೀರೆ ಉಟ್ಟು ಕಾದಿದ್ದಳು. ಆಮೇಲಂತೂ, ನಾಳೆ ಮಗಳ ಮನೆಗೆ ಹೋಗುವುದಿದೆ, ನಿನ್ನ ಹುಡುಗರನ್ನೂ ಕುರ್ಚಿಯನ್ನೂ ಕಳಿಸು ಎಂದು ಭಾವನಿಗೆ ಹೇಳಿಕಳಿಸತೊಡಗಿದಳು!

ಹಂಡೆ ತೊಳೆದು ತೊಳೆದು ಸಾಕಾದ ಅಕ್ಕ ಒಂದು ದಿನ ಸಿಡಿದಳು.

“ಅವ್ರು ಬರ್ತಿರೋದು ಒಗ್ಗರಣೆ ವಾಸ್ನೆಗೆ ಕಣ್ರೀ, ನಿಮ್ ಮಾತಿಗಲ್ಲ.”

ಭಾವ ಅದನ್ನು ಮನಸ್ಸಿಗೆ ಹಚ್ಚಿಕೊಂಡು, ಪರೀಕ್ಷೆಗೆಂದು ಮುಂದಿನ ಭಾನುವಾರ ಅಡುಗೆಯಿಲ್ಲದೆ ಗಂಟೆ ಬಾರಿಸಿದರು. ಒಬ್ಬರೂ ಬರಲಿಲ್ಲ. ಅಜ್ಜಿ ಬಾಗಿಲಲ್ಲಿ ಕಾದೇ ಕಾದಳಂತೆ, ಹೊರುವವರು ಬಂದರೆ ತಾನೇ? ಖಾಲಿ ಜಗಲಿಯ ಮೇಲೆ ಕೂತ ಭಾವ ನನ್ನನ್ನು ಕೇಳಿದರು.

“ನಿಜ್ವಾಗ್ಲೂ ಒಡೆಯೋ ದಿನ ಅಡುಗೆ ಮಾಡೋಕೆ ಟೈಮಿರಲ್ಲ ಕಣಯ್ಯ. ಅವತ್ತು ಇವ್ರು ಬರ್ತಾರಾ?”

ಊಟದ ಹೊತ್ತಿಗೆ ಸರಿಯಾಗಿ ಒಡೆಯುವಂತೆ ಕೆರೆಗೇ ಒಂದು ಮಾತು ಹೇಳಿಬಿಡಿ ಎಂದೆ ನಾನು. ಭಾವ ನಗಲಿಲ್ಲ.

ಮಾರನೆಯ ವರ್ಷ ಮಳೆ ಹಿಡಿಯಿತು ನೋಡಿ! ಬಿಟ್ಟೂಬಿಡದೆ ಸುರಿಯಿತು. ಆ ಸಮಯಕ್ಕೇ ತುಮಕೂರಿನ ಉಪ್ಪಾರಹಳ್ಳಿಯ ನಮ್ಮ ಮನೆಯಲ್ಲಿ ನನ್ನ ಮಗನ ನಾಮಕರಣ. ಅಕ್ಕ ಒಬ್ಬಳೇ ಬಂದಳು. ಭಾವ ಕೆರೆ ತುಂಬುತ್ತಿದೆ ಎಂದು ಏರಿ ಕಾಯುತ್ತ ಉಳಿದರಂತೆ. ಸೋದರಳಿಯನಿಗಿಂತ ಹೆಗ್ಗಣಗಳೇ ಹೆಚ್ಚಾದವು ನಿನ್ನ ಗಂಡನಿಗೆ ಎಂದು ನಾನು ಎಲ್ಲರೆದುರು ಆಡಿಕೊಂಡೆ.

ಮಾರನೆಯ ಬೆಳಗ್ಗೆ ನಿಟ್ಟೂರಿನ ಕಡೆಯಿಂದ ಬಂದ ಹಾಲಿನ ವ್ಯಾನಿನವನು, ಆ ಕೆರೆಯ ಏರಿ ಜಿನುಗುತ್ತಿದೆ, ಇನ್ನು ಹೆಚ್ಚು ಹೊತ್ತು ನಿಲ್ಲುವುದಿಲ್ಲ ಎಂದ. ಅಕ್ಕನೂ ನಾನೂ ಉಟ್ಟ ಬಟ್ಟೆಯಲ್ಲೇ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅಕ್ಕನದು ಒಂದೇ ಮಾತು. “ನಾನಿಲ್ಲ, ಅಡುಗೆ ಇಲ್ಲ. ಅವ್ರ ಮಾತ್ಗೆ ಯಾರ್ ಬರ್ತಾರೋ?” ನಿಟ್ಟೂರಿನಿಂದಾಚೆ ಬಸ್ಸು ಹೋಗಲಿಲ್ಲ. ಕೆಸರಿನಲ್ಲಿ ಬಿದ್ದು ಎದ್ದು ನಡೆದೆವು.

ಏರಿ ಒಡೆದಿತ್ತು. ಕೆಳಗಿನ ಬೀದಿಯಲ್ಲಿ ಕೆಂಪು ನೀರಿನ ಮೇಲೆ ಮನೆಗಳ ಹೆಂಚು ಮಾತ್ರ ಕಾಣುತ್ತಿತ್ತು. ಅಕ್ಕ ಅಲ್ಲೇ ಕುಸಿದಳು. ಅವಳನ್ನು ಎಬ್ಬಿಸಿಕೊಂಡು ದಿಣ್ಣೆ ಹತ್ತಿ ನೋಡಿದರೆ, ಸ್ಕೂಲಿನ ಜಗಲಿಯ ಮೇಲೆ ಇಡೀ ಕೆಳಗಿನ ಬೀದಿ! ಮಕ್ಕಳು ಮರಿ, ದನ ಕರು, ಕುರ್ಚಿಯಲ್ಲಿ ಅಜ್ಜಿ. ಒಬ್ಬೊಬ್ಬರ ತೊಡೆಯ ಮೇಲೂ ಒಂದು ತಟ್ಟೆ.

ಜೀವ ಮರಳಿದಂತಾಗಿ ನನಗೆ ಹುಚ್ಚು ನಗು ಬಂತು. ಅಂತೂ ಚಿತ್ರಾನ್ನದ ಆಸೆಗಾದರೂ ಬಂದಿರಲ್ಲ ಎಂದು ಅಜ್ಜಿಯನ್ನು ಛೇಡಿಸಿದೆ. ಅಜ್ಜಿ ನನ್ನನ್ನು ದುರುಗುಟ್ಟಿ ನೋಡಿದಳು.

“ಯಾವ ಚಿತ್ರಾನ್ನ ಕಣ್ಲಾ? ನಿಮ್ಮಕ್ಕ ಬಸ್ ಹತ್ತಿದ್ದು ಬೀದಿಗೆಲ್ಲ ಗೊತ್ತಿಲ್ವಾ? ಗಂಟೆ ಆದ್ರೆ ತಟ್ಟೆ ತಗಳೋದು ಕೈಗೆ ರೂಢಿ, ತಗಂಡ್ ಬಂದ್ವಿ.”

ಹಾಗಾದರೆ ಯಾಕೆ ಬಂದಿರಿ ಎಂದೆ.

“ನಾವ್ ಬರ್ದಿದ್ರೆ ನಿಮ್ ಭಾವ ಸುಮ್ಕಿರ್ತಿದ್ನಾ? ಒಂದೊಂದ್ ಮನೆಗೂ ಇಳ್ಕಂಡ್ ಬರೋನು, ನೀರಲ್ಲಿ ಹೊಂಟೋಗೋನು. ನಮ್ಗೋಸ್ಕರ ಅಷ್ಟು ಹೆದರ್ಕಂಡೋನು ಯಾರವ್ನೆ ಹೇಳು ಈ ಊರಲ್ಲಿ. ಅವನ್ನ ಉಳಿಸ್ಕಬೇಕು ಅಂತ ಎಲ್ರೂ ಎದ್ ಬಂದ್ವಿ.”

ಭಾವ ಕಂಬಿಯ ಪಕ್ಕ ಇನ್ನೂ ಸುತ್ತಿಗೆ ಹಿಡಿದೇ ನಿಂತಿದ್ದರು. ಚಳಿಗೆ ನಡುಗುತ್ತಿದ್ದರು. ಅವರ ಮನೆಯೂ ನೀರಿನೊಳಗೇ ಇತ್ತು, ಆ ಕಡೆ ಅವರು ತಿರುಗಿಯೂ ನೋಡುತ್ತಿರಲಿಲ್ಲ. ನಾನು ಹೋಗಿ ಸುತ್ತಿಗೆ ಬಿಡಿಸಿ, ಬೊಬ್ಬೆ ಎದ್ದ ಆ ಕೈ ಹಿಡಿದುಕೊಂಡೆ. ಹೇಳಲು ಒಂದು ತಮಾಷೆಯೂ ಹೊಳೆಯಲಿಲ್ಲ, ಅಳು ಬಂತು.

“ಎಲ್ರೂ ಬಂದ್ರು ಕಣಯ್ಯ” ಎಂದರು ಭಾವ.