ಲಾರಿ ಬಣ್ಣದ ರಾಕೆಟ್

ಹೊಸ ಟೆನಿಸ್ ರಾಕೆಟ್ ಹಿಡಿದು ಎರಡು ದಿನ ಆಡಿದ್ದೇ ತಡ, ರಜನಿಯ ಮೊಣಕೈ ಊದಿಕೊಂಡಿತು. ಅವಳಪ್ಪ ಶಿವಶಂಕರನಿಗೆ ತಲೆನೋವು ಶುರುವಾದದ್ದು ಅಲ್ಲಿಂದ.

ರಾಕೆಟ್ ಕಳಿಸಿದ್ದು ವಜ್ರ ಸ್ಪೋರ್ಟ್ಸ್ ಎಂಬ ಕಂಪನಿ. ವರ್ಷವಿಡೀ ತಮ್ಮ ರಾಕೆಟ್‌ನಲ್ಲೇ ಆಡಿದರೆ ಶೂ, ಬಟ್ಟೆ, ಟೂರ್ನಮೆಂಟುಗಳಿಗೆ ಹೋಗಿಬರುವ ಖರ್ಚು ಎಲ್ಲವೂ ತಮ್ಮದೇ ಎಂದಿದ್ದರು. ಮಾಲೂರಿನ ಇಟ್ಟಿಗೆ ಫ್ಯಾಕ್ಟರಿಯಲ್ಲಿ ಮೇಸ್ತ್ರಿಯಾಗಿರುವವನಿಗೆ ಇನ್ನೇನು ಬೇಕು? ಕಂಪನಿಯ ಮುರಳಿಮೋಹನ್ ಇವತ್ತು ಮಧ್ಯಾಹ್ನ ಕೋಲಾರದಲ್ಲಿ ಫೈನಲ್ ನೋಡಿ, ಅಲ್ಲೇ ಕರಾರಿಗೆ ಸಹಿ ಹಾಕುವವರಿದ್ದರು.

“ಅಪ್ಪಾ, ಹಳೇದ್ರಲ್ಲೇ ಆಡ್ತೀನಿ. ಇದ್ರಲ್ಲಿ ಎರಡು ಹೊಡೆದ್ರೆ ಕೈ ಎತ್ತಕ್ಕಾಗಲ್ಲ,” ಎಂದಳು ರಜನಿ.

ಹಳೆಯದು ಬೇರೆ ಕಂಪನಿಯದು. ಅದನ್ನು ನೋಡಿದರೆ ಮುರಳಿಮೋಹನ್ ಬಂದ ಕಾರಲ್ಲೇ ವಾಪಸ್ಸು.

ಗೋಡೆಯಾಚೆಯಿಂದ ಪಕ್ಕದ ಮನೆಯ ಶಾಮಲಮ್ಮನ ತಲೆ ಮೇಲೆದ್ದಿತು. “ದೊಡ್ಡ ದೊಡ್ಡ ಆಟಗಾರರೇ ಹಳೇ ಬ್ಯಾಟಿಗೆ ಹೊಸ ಬಣ್ಣ ಹೊಡಿಸ್ಕೊಂಡು ಆಡ್ತಾರಂತೆ ಕಣಪ್ಪಾ, ಮೊಬೈಲಲ್ಲಿ ನೋಡ್ದೆ. ಲಾರಿ ಪೇಂಟರ್ ದೊಡ್ಡಮುನಿಯಪ್ಪ ಇಲ್ವಾ?”

ರಜನಿ ತಾಯಿ ಸುನಂದಳ ಜೊತೆ ಕೋಲಾರದ ಬಸ್ಸು ಹತ್ತಿದಳು. ಹೊಸದರ ಹಾಗೇ ಹಳೆಯದಕ್ಕೂ ಬಣ್ಣ ಹೊಡಿಸಲು ಶಿವಶಂಕರ ಎರಡೂ ರಾಕೆಟ್ ಹಿಡಿದು ಪೇಂಟರ್ ಶೆಡ್ಡಿಗೆ ಓಡಿದ.

“ಲೇ, ಹತ್ತು ಚಕ್ರದ ಲಾರಿಗೇ ಹೊಡೆಯೋನು ನಾನು. ಇದು ದೋಸೆ ಮಗುಚೋ ಕೈಯಷ್ಟಿದೆ! ಟೀ ಕುಡ್ಕೊಂಡು ಬಾ,” ಎಂದ ದೊಡ್ಡಮುನಿಯಪ್ಪ.

ಟೀ ಕುಡಿದು ಬರುವಷ್ಟರಲ್ಲಿ ಹಳೆಯ ರಾಕೆಟ್ ಮದುಮಗನಂತೆ ಮಿನುಗುತ್ತಾ ತಂತಿಗೆ ನೇತಾಡುತ್ತಿತ್ತು. ಬಸ್ಸಿನ ಹಾರ್ನ್ ಕೇಳಿ ಶಿವಶಂಕರ ಅದನ್ನು ಸರಿಯಾಗಿ ನೋಡದೆ ಎತ್ತಿಕೊಂಡು ಓಡಿದ.

ಬಣ್ಣ ಇನ್ನೂ ಹಸಿ. ಬಸ್ಸಿನಲ್ಲಿ ಆರತಿ ತಟ್ಟೆಯಂತೆ ಅದನ್ನು ಎದೆಯ ಮುಂದೆ ಹಿಡಿದು ಕೂತ.

“ಸೊಳ್ಳೆ ಬ್ಯಾಟು ಎಷ್ಟಾಯ್ತು ನಾಯನಾ?” ಎಂದಳು ಪಕ್ಕದ ಅಜ್ಜಿ. ಆಮೇಲೆ ಕಣ್ಣು ಕಿರಿದು ಮಾಡಿ ಓದಿದಳು: “ಮುನೇಶ್ವರ ಪ್ರಸನ್ನ.”

ಶಿವಶಂಕರ ಗಾಬರಿಯಿಂದ ತಿರುಗಿಸಿ ನೋಡಿದ. ಕಂಪನಿಯ ಹೆಸರಿನ ಪಕ್ಕದಲ್ಲೇ ಹಳದಿ ಅಕ್ಷರ, ಅದರ ಕೊನೆಗೊಂದು ನಿಂಬೆಹಣ್ಣು, ಎರಡು ಮೆಣಸಿನಕಾಯಿ! ಕೂಡಲೇ ಫೋನ್ ಮಾಡಿದ.

“ದೇವರ ಹೆಸರಿಲ್ದೆ ನನ್ನ ಶೆಡ್ಡಿಂದ ಒಂದು ಗಾಡಿನೂ ಆಚೆ ಹೋಗಿಲ್ಲ ಕಣೋ,” ಎಂದ ದೊಡ್ಡಮುನಿಯಪ್ಪ. “ಒರೆಸಕ್ಕೆ ಹೋಗ್ಬೇಡ, ಎಲ್ಲಾ ಕಲಸಿಹೋಗತ್ತೆ.”

ಕೋಲಾರ ಸೇರುವಷ್ಟರಲ್ಲಿ ಬಣ್ಣ ಒಣಗಿತ್ತು. ರಾಕೆಟ್ ನೋಡಿ ರಜನಿ ಹೊಟ್ಟೆ ಹಿಡಿದು ನಕ್ಕಳು. ಸುನಂದ ಮಾತ್ರ ಅದನ್ನು ಕಣ್ಣಿಗೊತ್ತಿಕೊಂಡು ಮಗಳ ಕೈಗೆ ಕೊಟ್ಟಳು. ಕೈಗೆ ಪಳಗಿದ ರಾಕೆಟ್, ಹುಡುಗಿ ಹಗುರವಾಗಿ ಆಡಿದಳು. ಎರಡೇ ಸೆಟ್‌ನಲ್ಲಿ ಗೆದ್ದೇಬಿಟ್ಟಳು.

ಫೋಟೋಗೆಂದು ಬಂದ ಮುರಳಿಮೋಹನ್ ರಾಕೆಟ್ ಕೈಗೆ ತೆಗೆದುಕೊಂಡರು. ಓದಿದರು. ಮತ್ತೊಮ್ಮೆ ಓದಿದರು. ಶಿವಶಂಕರನ ಕಡೆ ತಿರುಗಿದರು.

“ಇದನ್ನ ಬರೆಸಿದ್ದು ಯಾರು ಸಾರ್?”

“ನಾನೇ… ತಪ್ಪಾಯ್ತು ಸಾರ್.”

“ತಪ್ಪಾ? ಆಯಾ ಊರಿನ ರಾಕೆಟ್‌ಗೆ ಆಯಾ ಊರಿನ ದೇವರು! ರಾಕೆಟ್ ಮಾರೋ ಉಪಾಯಕ್ಕೆ ಒಂದು ವರ್ಷದಿಂದ ತಲೆ ಕೆರ್ಕೊಂಡ್ರೂ ನಮ್ಮೋರಿಗೆ ಇದು ಹೊಳೀಲಿಲ್ವಲ್ಲ!” ಎಂದು ಅಲ್ಲೇ ಕಾರಿನ ಮೇಲೆ ಕಾಗದ ಹರಡಿ ಸಹಿ ಹಾಕಿದರು. ಸುನಂದಳ ಕಣ್ಣು ತುಂಬಿ ಬಂತು. ಆಮೇಲೆ ಮುರಳಿಮೋಹನ್ ಆ ರಾಕೆಟ್ಟನ್ನು ತಮ್ಮ ಬ್ಯಾಗಿಗೆ ಹಾಕಿ ಜಿಪ್ ಎಳೆದರು.

“ಸಾರ್, ಅದು ಮಗೂದು…”

“ಇದು ಸ್ಯಾಂಪಲ್ಲು. ನಮ್ಮ ಆಫೀಸಲ್ಲಿ ಗಾಜಿನ ಪೆಟ್ಟಿಗೇಲಿಡ್ತೀವಿ. ನಮ್ಮದೇ ರಾಕೆಟ್ ತಾನೇ, ಇಂಥದೇ ಹೊಸದು ಆರು ಕಳಿಸ್ತೀನಿ. ಆ ಪೇಂಟರ್ ನಂಬರ್ ಕೊಡಿ ಸಾಕು.”

ಅದು ನಿಮ್ಮದಲ್ಲ ಎನ್ನಲು ಬಾಯಿ ತೆರೆದ ಶಿವಶಂಕರ, ಸಹಿಯ ಮಸಿ ನೋಡಿ ಮುಚ್ಚಿಕೊಂಡ. ನಂಬರ್ ಕೊಟ್ಟ. ಕಾರು ಹೋಯಿತು, ರಜನಿ ಮೊಣಕೈ ಹಿಡಿದುಕೊಂಡು, ಅದು ಮರೆಯಾಗುವವರೆಗೂ ನೋಡುತ್ತಾ ನಿಂತಳು.

ಬಸ್ ಸ್ಟಾಂಡ್ ತಲುಪುವಷ್ಟರಲ್ಲಿ ಫೋನ್ ಬಂತು. ಆ ಕಡೆ ದೊಡ್ಡಮುನಿಯಪ್ಪ, ಖುಷಿಗೆ ಏದುಸಿರು ಬಿಡುತ್ತಿದ್ದ.

“ಇನ್ನೂರು ರಾಕೆಟ್‌ಗೆ ಬಣ್ಣ ಹೊಡೀಬೇಕಂತೆ ಕಣೋ! ನಿನ್ನ ಮಗಳ ಆರೂ ಮೊದಲು ಮುಗಿಸಿ ಕೊಡ್ತೀನಿ. ಯಾವ ದೇವರು ಹಾಕ್ಲಿ ಹೇಳು?”